ಮಳೆಗಾಲಕ್ಕೆ ಡೇರೆ, ಬೇಸಗೆಗೆ ಅಲಸಂದೆ: ಒಂದೇ ಮಡಿಯಲ್ಲಿ ಎರಡನ್ನೂ ಬೆಳೆದ ಅನುಭವ

ಶಿರಸಿ ಸೀಮೆಯ ಮನೆಗಳಲ್ಲಿ ನೀರಿಗಿಂತ ಬಿಸಿಲಿಗೇ ಬರ. ಹಿಂದೆ ಬೆಟ್ಟ, ಮುಂದೆ ಅಡಿಕೆ ತೋಟ. ನಡುವೆ ದಿನಕ್ಕೆ ಐದಾರು ತಾಸು ಬಿಸಿಲು ಕಾಣುವ ನೆಲವೆಂದರೆ ಅಂಗಳದ ಅಂಚಿನ ಒಂದು ಪಟ್ಟಿ ಮಾತ್ರ. ಅಲ್ಲಿ ಡೇರೆ ಹೂವಿನ ಗಿಡ ಹಾಕಬೇಕೋ, ಹಂದರ ಕಟ್ಟಿ ಅಲಸಂದೆ ಹಬ್ಬಿಸಬೇಕೋ ಎಂದು ಹೊಸದಾಗಿ ಮನೆ ಕಟ್ಟಿದವರು, ಮದುವೆಯಾಗಿ ಬಂದವರು ನನ್ನನ್ನು ಕೇಳುತ್ತಿರುತ್ತಾರೆ. ಎರಡನ್ನೂ ಅದೇ ನೆಲದಲ್ಲಿ ವರ್ಷಗಟ್ಟಲೆ ಬೆಳೆದ ಮೇಲೆ ನನಗೆ ಖಚಿತವಾದ ಸಂಗತಿ ಇದು: ಕಣ್ಣಿಗೆ ಚೆಂದವೋ ಊಟಕ್ಕೆ ರುಚಿಯೋ ಎಂದು ತೂಗುತ್ತ ಕುಳಿತರೆ ಜಗಳ ಮುಗಿಯುವುದಿಲ್ಲ. ಮಳೆಯನ್ನೂ ಬೇರನ್ನೂ ನೋಡಿದರೆ ಜಗಳಕ್ಕೆ ಕಾರಣವೇ ಉಳಿಯುವುದಿಲ್ಲ.

ಡೇರೆ, ಅಂದರೆ ಡೇಲಿಯಾ, ಮೆಕ್ಸಿಕೋದ ಬೆಟ್ಟನಾಡಿನ ಗಿಡ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ಮ್ಯಾಡ್ರಿಡ್‌ನ ಸಸ್ಯೋದ್ಯಾನಕ್ಕೆ ಬಂತು. 1791ರಲ್ಲಿ ಅಲ್ಲಿನ ಸಸ್ಯಶಾಸ್ತ್ರಜ್ಞ ಕವನಿಲ್ಲೆಸ್ ಸ್ವೀಡನ್ನಿನ ಆಂಡರ್ಸ್ ಡಾಲ್ ಅವರ ನೆನಪಿಗೆ ಆ ಹೆಸರಿಟ್ಟರು. ಅಷ್ಟು ದೂರದ ಗಿಡ ನಮ್ಮ ಮಲೆನಾಡಿಗೆ ಹೇಗೆ ಹೊಂದಿತು ಎಂಬುದಕ್ಕೆ ಉತ್ತರ ಅದರ ತವರಿನ ಹವೆಯಲ್ಲಿದೆ. ಅಲ್ಲಿಯೂ ಜೂನ್‌ನಿಂದ ಮೂರ್ನಾಲ್ಕು ತಿಂಗಳು ಮಳೆ, ತಂಪು ರಾತ್ರಿ, ಆಮೇಲೆ ಒಣ ಹವೆ. ಮಳೆ ಇರುವಾಗ ಎದ್ದು ಹೂ ಬಿಟ್ಟು, ಒಣ ಹವೆ ಬಂದಾಗ ನೆಲದೊಳಗೆ ಗಡ್ಡೆಯಾಗಿ ಮಲಗುವುದು ಅದರ ಹುಟ್ಟುಗುಣ. ಶಿರಸಿ ಸಮುದ್ರಮಟ್ಟದಿಂದ ಸುಮಾರು ಆರುನೂರು ಮೀಟರ್ ಎತ್ತರದಲ್ಲಿದೆ. ಮಳೆಗಾಲದ ರಾತ್ರಿಗೆ ಇಲ್ಲಿ ಕಂಬಳಿ ಬೇಕು. ಅಷ್ಟು ತಂಪು ಡೇರೆಗೆ ಸಾಕು. ಇದೇ ಗಡ್ಡೆಯನ್ನು ಕುಮಟೆಯ ಅಕ್ಕನ ಮನೆಗೆ ಕೊಟ್ಟಾಗ ಗಿಡ ಸಣಕಲಾಗಿ ಬೆಳೆದು ಬೊಗಸೆ ತುಂಬುವ ಹೂವಿನ ಬದಲು ಬಟ್ಟಲಗಲದ ಹೂ ಬಿಟ್ಟಿತು. ಆರೈಕೆಯಲ್ಲಿ ಕೊರತೆ ಇರಲಿಲ್ಲ. ಘಟ್ಟದ ಕೆಳಗಿನ ರಾತ್ರಿಯ ಸೆಕೆ ಅದಕ್ಕೆ ಒಗ್ಗಲಿಲ್ಲ.

ಅಲಸಂದೆಯ ಕಥೆ ಇದಕ್ಕೆ ತಿರುಗುಮುರುಗು. ಅದರ ಮೂಲ ಆಫ್ರಿಕಾ. ಮೊಳದುದ್ದದ ಎಳೆಗಾಯಿ ಕೊಡುವ ಬಳ್ಳಿಯ ತಳಿಗಳು ರೂಪುಗೊಂಡದ್ದು ಏಷ್ಯಾದಲ್ಲಿ. ಬಿಸಿಲೆಂದರೆ ಅದಕ್ಕೆ ಪ್ರಾಣ. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯ ತೇವದಲ್ಲೇ ದ್ವಿದಳ ಧಾನ್ಯ ಬಿತ್ತುವ ರೂಢಿ ಹಳೆಯದು. ನಮ್ಮಲ್ಲಿ ಮಳೆಗಾಲಕ್ಕೆ ಬಿತ್ತಿದರೆ ಬಳ್ಳಿ ಹುಲುಸಾಗಿ ಹಬ್ಬುತ್ತದೆ, ನೋಡಿದವರು ಹೊಗಳುತ್ತಾರೆ, ಕಾಯಿ ಮಾತ್ರ ಬುಟ್ಟಿಯ ತಳ ಮುಚ್ಚುವುದಿಲ್ಲ. ಆರಿದ್ರಾ, ಪುನರ್ವಸು ಮಳೆಯ ಮೋಡದಲ್ಲಿ ಬಿಸಿಲೇ ಇಲ್ಲದಾಗ ಹೂವು ಕಟ್ಟಿದ್ದೂ ಉದುರಿಹೋಗುತ್ತದೆ. ಹಾಗಾಗಿ ಮಳೆಗಾಲದ ಬಿಸಿಲುಪಟ್ಟಿಯನ್ನು ನಾನು ಎರಡನೇ ಮಾತಿಲ್ಲದೆ ಡೇರೆಗೆ ಬಿಡುತ್ತೇನೆ.

ಡೇರೆಯ ಕೆಲಸ ಶುರುವಾಗುವುದು ಮೇ ತಿಂಗಳಲ್ಲಿ, ಅಟ್ಟದಿಂದ ಗಡ್ಡೆಯ ಬುಟ್ಟಿ ಇಳಿಸುವುದರಿಂದ. ಗಡ್ಡೆ ಎಷ್ಟು ದಪ್ಪವಿದೆ ಎಂದು ನೋಡುವುದಕ್ಕಿಂತ ಕಣ್ಣು ಎಲ್ಲಿದೆ ಎಂದು ನೋಡಬೇಕು. ಗೆಣಸಿನಂತಹ ಗಡ್ಡೆಯ ಮೈಯಲ್ಲಿ ಎಲ್ಲೂ ಮೊಳಕೆ ಬರುವುದಿಲ್ಲ. ಹಳೆಯ ಕಾಂಡದ ಬುಡಕ್ಕೆ ಗಡ್ಡೆ ಕೂಡಿಕೊಳ್ಳುವ ಕುತ್ತಿಗೆಯ ಮೇಲ್ಭಾಗದಲ್ಲಿ, ಸಾಸಿವೆ ಕಾಳಿನಷ್ಟು ಉಬ್ಬಿ, ತುಸು ಕೆಂಪಾಗಿ ಈ ಕಣ್ಣು ಕಾಣುತ್ತದೆ. ಅದು ಕಾಣದಿದ್ದರೆ ಬುಟ್ಟಿಯ ಮೇಲೆ ನೀರು ಚಿಮುಕಿಸಿ ಒಂದು ವಾರ ಕಾಯುತ್ತೇನೆ, ಆಗ ತಾನಾಗಿ ಎದ್ದು ತೋರಿಸಿಕೊಳ್ಳುತ್ತದೆ. ಆಮೇಲೆ ಹರಿತವಾದ ಚಾಕುವಿನಿಂದ ಪ್ರತಿ ಹೋಳಿಗೂ ಒಂದು ಕಣ್ಣು, ಒಂದು ಗಡ್ಡೆ ಬರುವಂತೆ ಸೀಳಿ, ಗಾಯಕ್ಕೆ ಒಲೆಯ ಬೂದಿ ಸವರಿ ನೆರಳಲ್ಲಿ ಒಣಗಿಸುತ್ತೇನೆ. ನೆರೆಮನೆಯ ಅತ್ತಿಗೆ ಗಡ್ಡೆ ಕೇಳಲು ಬಂದಾಗ ಹೇಳುವುದು ಒಂದೇ ಮಾತು: "ತಂಗಿ, ದೊಡ್ಡದು ಬೇಡವೇ, ಕಣ್ಣಿದ್ದದ್ದು ಕೊಡು."

ರೋಹಿಣಿ ಮಳೆ ಎರಡು ಸಲ ಸುರಿದ ಮೇಲೆ ನೆಡುತ್ತೇನೆ. ಮಡಿ ನೆಲದಿಂದ ಒಂದಡಿ ಎತ್ತರವಿರಲೇಬೇಕು; ನಮ್ಮ ಮಳೆಯಲ್ಲಿ ನೀರು ನಿಂತರೆ ಗಡ್ಡೆ ಕೊಳೆತು ನಾರುತ್ತದೆ. ಸುಡುಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ ಕಲಸಿ, ಗಿಡದಿಂದ ಗಿಡಕ್ಕೆ ಎರಡಡಿ ಬಿಟ್ಟು, ನಾಲ್ಕು ಬೆರಳು ಆಳದಲ್ಲಿ ಮಲಗಿಸುತ್ತೇನೆ. ಆಧಾರದ ಅಡಿಕೆ ದಬ್ಬೆಯನ್ನು ಗಡ್ಡೆಯ ಜೊತೆಗೇ ಊರುವುದು ಒಳ್ಳೆಯದು. ಗಿಡ ಎದ್ದ ಮೇಲೆ ಊರಲು ಹೋದರೆ ಗಡ್ಡೆ ಎಲ್ಲಿದೆ ಎಂದು ಗೊತ್ತಾಗದೆ ಚುಚ್ಚುತ್ತದೆ. ಮೊಳಕೆ ಎದ್ದ ಮೊದಲ ಎರಡು ವಾರ ಬಸವನಹುಳುವಿನದೇ ಕಾಟ. ರಾತ್ರಿ ಟಾರ್ಚು ಹಿಡಿದು ಹೆಕ್ಕುವುದಕ್ಕಿಂತ ನಂಬಿಕೆಯ ಉಪಾಯ ನನಗೆ ಸಿಕ್ಕಿಲ್ಲ.

ಮೂರ್ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಬೇಕು. ಚಿವುಟಲು ಮನಸ್ಸು ಬಾರದವರು ಬಹಳ. ಚಿವುಟದಿದ್ದರೆ ಗಿಡ ಒಂದೇ ಕೋಲಾಗಿ ಏರಿ ಆಶ್ಲೇಷ ಮಳೆಯ ಗಾಳಿಗೆ ಮುರಿದು ಬೀಳುತ್ತದೆ. ಟೊಂಗೆಯ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಕೂಡಿ ಬರುತ್ತವೆ; ನಡುವಿನದನ್ನು ಉಳಿಸಿ ಇಕ್ಕೆಲದ ಎರಡನ್ನು ಕಡಲೆಯಷ್ಟಿರುವಾಗಲೇ ತೆಗೆದರೆ ಹೂವು ದೊಡ್ಡದಾಗುತ್ತದೆ. ಕಾಂಡ ಒಳಗೆ ಟೊಳ್ಳು. ಆದ್ದರಿಂದ ಹೂ ಕೊಯ್ಯುವಾಗ ಎಲೆಗಿಣ್ಣಿನ ಮೇಲೆಯೇ ಓರೆಯಾಗಿ ಕತ್ತರಿಸುತ್ತೇನೆ. ಉದ್ದ ಕೊಳವೆ ಉಳಿದರೆ ಮಳೆನೀರು ತುಂಬಿ ಗಿಡ ಮೇಲಿಂದ ಕೊಳೆಯುತ್ತ ಬರುತ್ತದೆ. ಇಷ್ಟೆಲ್ಲ ಮಾಡಿದರೆ ಚೌತಿಯಿಂದ ನವರಾತ್ರಿಯವರೆಗೆ ದೇವರ ತಲೆಯ ಮೇಲೂ ಜಗಲಿಯ ತಂಬಿಗೆಯಲ್ಲೂ ಹೂವಿಗೆ ಬರವಿಲ್ಲ. ಮುಂಜಾವಿನ ಮಂಜಿನಲ್ಲಿ ಕಡುಗೆಂಪಿನ ಹೂವೊಂದು ಎಸಳು ಎಸಳಿಗೂ ಹನಿ ಹೊತ್ತು ಬಾಗಿ ನಿಂತದ್ದನ್ನು ನೋಡುವ ಸುಖಕ್ಕೆ ನಾನು ಈ ದುಡಿತವನ್ನೆಲ್ಲ ಸಂತೋಷದಿಂದ ಮಾಡುತ್ತೇನೆ.

ನವರಾತ್ರಿ ಮುಗಿಯಿತೆಂದು ಗಿಡವನ್ನು ಕಿತ್ತು ಬಿಸಾಡಬಾರದು. ಹಗಲು ಕಿರಿದಾದಂತೆಲ್ಲ ಡೇರೆ ಹೂವು ಕಡಿಮೆ ಮಾಡಿ ಗಡ್ಡೆ ಬಲಿಸಲು ತೊಡಗುತ್ತದೆ. ಗಿಡ ತಾನಾಗಿ ಹಳದಿಯಾಗಿ ಒಣಗುವವರೆಗೆ, ಅಂದರೆ ನವೆಂಬರ್ ಕೊನೆಯವರೆಗೆ, ಕಾಯುತ್ತೇನೆ. ಮುಳ್ಳುಹಂದಿ, ಕಾಡುಹಂದಿ ಸುಳಿಯುವ ಊರಾದರೆ ಬೇಲಿ ಬಿಗಿ ಮಾಡಿಯೇ ಕಾಯಬೇಕು. ಅಗೆದ ಗಡ್ಡೆಯನ್ನು ಒಣಮಣ್ಣು, ಬೂದಿ ಬೆರೆಸಿದ ಬುಟ್ಟಿಯಲ್ಲಿ, ಬಣ್ಣದ ಹೆಸರು ಬರೆದ ಚೀಟಿಯೊಂದಿಗೆ ಅಟ್ಟಕ್ಕೆ ಏರಿಸುತ್ತೇನೆ. ಚೀಟಿ ಬೇಕೇ ಬೇಕು: ಡೇರೆಯ ಬೀಜ ಬಿತ್ತಿದರೆ ತಾಯಿಯ ಬಣ್ಣವೇ ಬರುತ್ತದೆಂಬ ಭರವಸೆಯಿಲ್ಲ, ಮೆಚ್ಚಿದ ಬಣ್ಣ ಉಳಿಯುವುದು ಗಡ್ಡೆಯಿಂದ ಅಥವಾ ಕುಡಿಯಿಂದ ಮಾತ್ರ.

ಆ ಖಾಲಿ ಮಡಿಗೆ ಅಲಸಂದೆ ಬರುತ್ತದೆ. ಡೇರೆಯ ಮುಂದೆ ಇದರ ಕೆಲಸ ಅರ್ಧದಷ್ಟೂ ಇಲ್ಲ. ರಾತ್ರಿ ನೆನೆಹಾಕಿದ ಬೀಜವನ್ನು ನೇರ ಮಡಿಗೇ ಊರಿ, ಡೇರೆಗೆ ಊರಿದ್ದ ದಬ್ಬೆಗಳ ಮೇಲೆ ಹಗ್ಗ ಎಳೆದು ಹಂದರ ಮಾಡುತ್ತೇನೆ. ಸುಮಾರು ಒಂದೂವರೆ ತಿಂಗಳಿಗೆ ಹೂವು. ನೇರಳೆ ಛಾಯೆಯ ಆ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುಚ್ಚುತ್ತದೆ, ಜೊತೆಜೊತೆಯಾಗಿ ಕಾಯಿ ಇಳಿಯುತ್ತವೆ. ಹೂದೇಟಿನ ತುದಿಯಲ್ಲಿರುವ ಸಣ್ಣ ಗ್ರಂಥಿಗಳ ಜೇನಿಗೆ ಇರುವೆ ಸದಾ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಆದರೆ ಇರುವೆಯ ಜೊತೆಗೆ ಕಪ್ಪು ಹೇನು ಕುಡಿಗೆ ಮುತ್ತಿದ್ದರೆ ಆ ಕುಡಿಯನ್ನೇ ಚಿವುಟಿ ಬೂದಿ ಎರಚುತ್ತೇನೆ. ಕಾಯನ್ನು ಎಳೆಯದರಲ್ಲೇ, ದಿನ ಬಿಟ್ಟು ದಿನ ಕೊಯ್ಯುತ್ತಿದ್ದರೆ ಬಳ್ಳಿ ಮತ್ತೆ ಹೂ ಬಿಡುತ್ತದೆ. ಬೀಜಕ್ಕೆಂದು ಒಂದು ಬಳ್ಳಿಯನ್ನು ಬೇರೆಯೇ ಗುರುತು ಮಾಡಿ ಬಿಡುತ್ತೇನೆ. ಹೂವು ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವುದರಿಂದ ತಳಿ ಕೆಡುವುದು ಅಪರೂಪ. ಮಂಗಗಳು ಬಂದರೆ ಮಾತ್ರ ಒಂದೇ ಬೆಳಿಗ್ಗೆ ಎಲ್ಲ ಮುಗಿಯುತ್ತದೆ. ಮನೆಯ ಕಣ್ಣೆದುರಿನ ಅಂಗಳದಂಚೇ ಅದಕ್ಕೆ ಸರಿಯಾದ ಜಾಗ, ದೂರದ ಬೆಟ್ಟದಂಚಲ್ಲ.

ಅಲಸಂದೆಯ ದೊಡ್ಡ ಉಪಕಾರ ಇರುವುದು ನೆಲದೊಳಗೆ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಡಿಲಿಸಿ ಮೆಲ್ಲಗೆ ಎತ್ತಿ ನೋಡಿ. ಬೇರಿನ ತುಂಬ ರಾಗಿಯಿಂದ ಮೆಣಸಿನ ಕಾಳಿನ ಗಾತ್ರದ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಾಣುತ್ತದೆ. ಗುಲಾಬಿ ಇದ್ದರೆ ಒಳಗಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಬಳ್ಳಿಗೆ ಉಣಿಸುತ್ತಿದೆ ಎಂದರ್ಥ. ಹಸಿರೋ ಕಂದೋ ಆಗಿದ್ದರೆ ಅದರ ಕೆಲಸ ಮುಗಿದಿದೆ. ಅದಕ್ಕೇ ಏಪ್ರಿಲ್‌ನಲ್ಲಿ ಬಳ್ಳಿ ಸೋತಾಗ ಬುಡದಲ್ಲಿ ಕತ್ತರಿಸಿ ಬೇರನ್ನು ನೆಲದಲ್ಲೇ ಬಿಟ್ಟು, ಬಳ್ಳಿಯನ್ನು ಅದೇ ಮಡಿಯ ಮೇಲೆ ಹರಡಿ ದರಕು, ಅಂದರೆ ಒಣ ಎಲೆ, ಮುಚ್ಚುತ್ತೇನೆ. ಅದರ ಮೇಲೆ ಡೇರೆಗೆ ಯೂರಿಯಾ ಹಾಕುವವರನ್ನು ನಾನು ತಡೆಯುತ್ತೇನೆ. ಸಾರಜನಕ ಅತಿಯಾದರೆ ಡೇರೆ ಎಲೆಯಲ್ಲೇ ಕೊಬ್ಬಿ, ಕಾಂಡ ಮೆದುವಾಗಿ, ಗಡ್ಡೆಯೂ ಬಲಿಯುವುದಿಲ್ಲ. ಅಲಸಂದೆಯೂ ಹಾಗೆಯೇ, ಎಲೆ ಹೆಚ್ಚಿ ಕಾಯಿ ಕಡಿಮೆ.

ಎರಡನ್ನೂ ಒಟ್ಟಿಗೇ, ಒಂದರ ಪಕ್ಕ ಒಂದು ಹಾಕಿದರಾಗದೇ ಎಂದು ಕೇಳುವವರಿದ್ದಾರೆ. ನಾನು ಹಾಕುವುದಿಲ್ಲ. ಹಬ್ಬುವ ಬಳ್ಳಿ ಡೇರೆಯ ಬಿಸಿಲನ್ನು ನುಂಗುತ್ತದೆ ಎಂಬುದು ಒಂದು ಕಾರಣ. ಇನ್ನೊಂದು, ಡೇರೆಯ ಎಲೆ ಹಳದಿ ಪಟ್ಟೆಯಾಗಿ ಮುರುಟುವ ನಂಜುರೋಗ ಹರಡುವುದು ಹೇನುಗಳಿಂದ. ಒಮ್ಮೆ ಹತ್ತಿದರೆ ಗಡ್ಡೆಯಲ್ಲೇ ಉಳಿದು ಮರುವರ್ಷವೂ ಬರುತ್ತದೆ. ಹೇನನ್ನು ಕರೆಯುವ ಬಳ್ಳಿಯನ್ನು ಅದರ ಪಕ್ಕದಲ್ಲಿ ಸಾಕುವುದು ನನಗೆ ಸರಿಕಾಣುವುದಿಲ್ಲ.

ಕಾರವಾರ, ಅಂಕೋಲಾ, ಕುಮಟೆ ಕಡೆಯವರಿಗೆ ನಾನು ಡೇರೆಯ ಗಡ್ಡೆ ಕೊಡುವುದನ್ನು ಬಿಟ್ಟಿದ್ದೇನೆ. ಅವರಿಗೆ ಚಳಿಗಾಲದ ಅಲಸಂದೆ ನಮಗಿಂತ ಚೆನ್ನಾಗಿ ಬರುತ್ತದೆ, ಹೂವಿಗೆ ಬೇಲಿಯ ಮೇಲೆ ಶಂಖಪುಷ್ಪ ಹಬ್ಬಿಸಿ ಎನ್ನುತ್ತೇನೆ. ನೀಲಿಯೂ ಇದೆ, ಬಿಳಿಯೂ ಇದೆ; ಸೆಕೆಗೆ ಜಗ್ಗುವುದಿಲ್ಲ, ಬೀಜದಿಂದಲೇ ಏಳುತ್ತದೆ. ಅದು ಅಲಸಂದೆಯ ಕುಟುಂಬದ್ದೇ ಆದ್ದರಿಂದ ಅದರ ಬೇರಿನಲ್ಲೂ ಅದೇ ಗಂಟುಗಳಿವೆ. ಅಕ್ಕನ ಬೇಲಿಯಲ್ಲಿ ಈಗ ಅದು ವರ್ಷವಿಡೀ ಇದೆ. ಅದರ ಕಾಯನ್ನು ಮಾತ್ರ ಪಲ್ಯಕ್ಕೆ ಕೊಯ್ಯಬಾರದು. ಒಣಗಲು ಬಿಟ್ಟು ಬೀಜ ತೆಗೆದಿಟ್ಟುಕೊಳ್ಳಬೇಕು.