ಕವಳ ಬಿಡುವ ಮುನ್ನ ಒಂದು ವಾರ ಬರೆದಿಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕವಳ, ಅಂದರೆ ಎಲೆ-ಅಡಿಕೆ ಜಗಿಯುವುದನ್ನು, ಬಿಡಲು ಹೊರಟವರು ಮೊದಲು ಮಾಡುವ ಕೆಲಸ ಆಣೆ ಹಾಕುವುದು. ದೇವರ ಮುಂದೆ, ಹೆಂಡತಿಯ ಮುಂದೆ, ಮಗಳ ತಲೆ ಮುಟ್ಟಿ. ಮೂರನೆಯ ದಿನಕ್ಕೆ ಸಂಚಿ ಮತ್ತೆ ಸೊಂಟ ಸೇರಿರುತ್ತದೆ, ಆಣೆ ಮುರಿದ ಸಂಕಟ ಬೇರೆ. ಎಷ್ಟು ಕವಳ ಹಾಕುತ್ತೇನೆ, ಯಾವುದನ್ನು ಯಾಕೆ ಹಾಕುತ್ತೇನೆ ಎಂಬುದೇ ತಿಳಿಯದೆ ಮಾಡಿದ ಆಣೆ ಯಾರನ್ನು ತಡೆದೀತು? ನೋಡುವ ಕೆಲಸ ಮೊದಲು, ಬಿಡುವ ಕೆಲಸ ಆಮೇಲೆ.

ಇಲ್ಲಿರುವುದು ತಂಬಾಕು ಸೇರಿದ ಕವಳದ ಮಾತು. ಗುಟ್ಕಾ ರಾಜ್ಯದಲ್ಲಿ 2013ರಿಂದ ನಿಷಿದ್ಧ. ಆದರೂ ಪಾನ್ ಮಸಾಲಾದ ಚೀಟಿ ಒಂದು, ತಂಬಾಕಿನ ಚೀಟಿ ಇನ್ನೊಂದು ಕೊಂಡು ಬೆರೆಸಿಕೊಳ್ಳುವವರಿದ್ದಾರಲ್ಲ, ಅವರಿಗೂ ಇದೇ ಕ್ರಮ.

ಏಳು ದಿನ: ಬಿಡಬೇಡಿ, ಬರೆಯಿರಿ

ಅಂಗಿ ಜೇಬಿನಲ್ಲಿ ಹಿಡಿಸುವ ನೋಟ್‌ಬುಕ್ಕೊಂದು, ಗಿಡ್ಡ ಪೆನ್ಸಿಲ್ಲೊಂದು. ತೋಟದಲ್ಲಿ ಒದ್ದೆ ಕೈಗೆ ಪೆನ್ನು ಕೈಕೊಡುತ್ತದೆ, ಪೆನ್ಸಿಲ್ಲೇ ವಾಸಿ. ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಸಂಚಿಗೇ ಕಟ್ಟಿ. ಎಲೆ ತೆಗೆಯಬೇಕಾದರೆ ಪುಸ್ತಕ ಕೈಗೆ ಅಡ್ಡ ಬರಲೇಬೇಕು.

ಪ್ರತಿ ಕವಳಕ್ಕೂ ನಾಲ್ಕು ಸಂಗತಿ ಬರೆಯಿರಿ: ಗಂಟೆ, ಜಾಗ, ಆಗಷ್ಟೇ ಏನು ಮಾಡುತ್ತಿದ್ದಿರಿ, ಆಸೆ ಎಷ್ಟು. ಆಸೆಗೆ 0ಯಿಂದ 10ರವರೆಗೆ ಅಂಕ. ‘2:10, ಜಗಲಿ, ಊಟ ಆಯ್ತು, 4’ ಎಂಬಷ್ಟೇ ಸಾಕು. ಸಾಲು ಉದ್ದವಾದರೆ ಎರಡನೆಯ ದಿನಕ್ಕೇ ಬೇಸರ ಬಂದು ಪುಸ್ತಕ ಮೂಲೆ ಸೇರುತ್ತದೆ.

ಬಾಯಿಗೆ ಹಾಕುವ ಮೊದಲು ಬರೆಯಬೇಕು. ರಾತ್ರಿ ಮಲಗುವಾಗ ನೆನಪು ಮಾಡಿಕೊಂಡು ಬರೆದರೆ ಲೆಕ್ಕ ಕಡಿಮೆಯೇ ಬೀಳುತ್ತದೆ. ಕೈ ತಾನಾಗಿ ಹಾಕಿದ ಕವಳ ನೆನಪಿಗೆ ಬರುವುದಿಲ್ಲ, ನಮಗೆ ಬೇಕಾದದ್ದು ಅದೇ. ಇನ್ನೊಂದು ಎಡವಟ್ಟು: ಬರೆಯತೊಡಗಿದ ಕೂಡಲೇ ಸಂಖ್ಯೆ ಒಂದಿಷ್ಟು ತಾನಾಗಿ ಇಳಿಯುತ್ತದೆ. ಯಾವ ಅಭ್ಯಾಸವನ್ನು ಗಮನಿಸಿದರೂ ಹೀಗಾಗುತ್ತದೆ. ‘ಆಹಾ, ಬಿಟ್ಟೇಬಿಟ್ಟೆ’ ಎಂದು ನಾಲ್ಕನೆಯ ದಿನ ಪುಸ್ತಕ ಎಸೆದವರು ಎರಡು ವಾರದಲ್ಲಿ ಹಳೆಯ ಲೆಕ್ಕಕ್ಕೆ ಮರಳುತ್ತಾರೆ. ಏಳು ದಿನ ಪೂರ್ತಿ ಬರೆಯಿರಿ. ನಡುವೆ ಒಂದು ತಾಳಮದ್ದಳೆಯೋ ಮದುವೆಯೋ ಬಂದರೆ ಒಳ್ಳೆಯದೇ ಆಯಿತು.

ಎಂಟನೆಯ ದಿನ: ವಿಂಗಡಿಸಿ

ಅಡಿಕೆ ಆರಿಸಿದಂತೆಯೇ, ಸಾಲುಗಳನ್ನು ಮೂರು ರಾಶಿ ಮಾಡಿ. ಆಸೆ 3 ಅಥವಾ ಅದಕ್ಕೂ ಕೆಳಗಿದ್ದರೆ ಅದು ಕೈಯ ಕವಳ. ಬೈಕ್ ನಿಲ್ಲಿಸಿದಾಗ, ಫೋನಿನಲ್ಲಿ ಮಾತಾಡುವಾಗ, ಪೇಪರ್ ಓದುವಾಗ ತನ್ನಷ್ಟಕ್ಕೇ ಆಗುವಂಥದ್ದು. ಜಾಗ ಅಥವಾ ಜನ ಮತ್ತೆ ಮತ್ತೆ ಅವೇ ಇದ್ದರೆ ಅದು ಸಂದರ್ಭದ ಕವಳ: ಊಟವಾದ ಮೇಲಿನ ಜಗಲಿ, ಚಹಾದ ನಂತರದ್ದು, ರಾತ್ರಿ ಅಡಿಕೆ ಸುಲಿಯುವಾಗಿನದು. ಆಸೆ 7ಕ್ಕಿಂತ ಹೆಚ್ಚಿದ್ದು, ಹಿಂದಿನ ಕವಳವಾಗಿ ಎರಡು ಮೂರು ತಾಸು ಕಳೆದಿದ್ದರೆ ಅದು ಮೈಯ ಕವಳ. ನಿಕೋಟಿನ್‌ನ ಅರ್ಧ ಪಾಲು ಸುಮಾರು ಎರಡು ತಾಸಿನಲ್ಲಿ ರಕ್ತದಿಂದ ಇಳಿಯುತ್ತದೆ. ಮೈ ಮತ್ತೆ ಕೇಳುವುದು ಅದಕ್ಕೇ. ಬೆಳಿಗ್ಗೆ ಎದ್ದು 30 ನಿಮಿಷದೊಳಗೆ ಮೊದಲ ಕವಳ ಬೇಕೇ ಬೇಕು ಅನ್ನಿಸಿದರೆ ಮೈ ತಂಬಾಕಿಗೆ ಗಟ್ಟಿಯಾಗಿ ಒಗ್ಗಿದೆ ಎಂದೇ ತಿಳಿಯಿರಿ.

ದಿನಕ್ಕೆ ಹದಿನೈದು ಕವಳ ಹಾಕುವವರಿಗೂ ಹದಿನೈದೂ ಮೈಗೆ ಬೇಕಾದವಲ್ಲ ಎಂಬುದು ಇಲ್ಲಿ ಕಣ್ಣಿಗೆ ಬೀಳುತ್ತದೆ. ‘ನನ್ನಿಂದ ಆಗದು’ ಎಂಬ ಮಾತು ಮೊದಲು ಸಡಿಲಾಗುವುದೂ ಇಲ್ಲೇ.

ಕೈಯ ಕವಳ

ಇದನ್ನು ಮೊದಲು ಹಿಡಿಯಿರಿ. 1973ರಲ್ಲಿ ನೇಥನ್ ಅಜ್ರಿನ್ ಮತ್ತು ಗ್ರೆಗರಿ ನನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಉಗುರು ಕಚ್ಚುವಂಥ ಚಟಗಳಿಗೆ ಒಂದು ವಿಧಾನ ರೂಪಿಸಿದರು. ಅದರ ಮೊದಲ ಮೆಟ್ಟಿಲು ಬಿಡುವುದಲ್ಲ, ಚಲನೆಯನ್ನು ಆರಂಭದಲ್ಲೇ ಗುರುತಿಸುವುದು. ಕವಳಕ್ಕೆ ಇದು ಚೆನ್ನಾಗಿ ಒಗ್ಗುತ್ತದೆ, ಏಕೆಂದರೆ ಕವಳ ಕಟ್ಟಲು ಹೊತ್ತು ಬೇಕು: ಸಂಚಿ ಬಿಚ್ಚಬೇಕು, ಎಲೆ ಒರೆಸಬೇಕು, ತೊಟ್ಟು ಮುರಿದು ನಾರು ತೆಗೆಯಬೇಕು, ಸುಣ್ಣ ಹಚ್ಚಬೇಕು, ಅಡಿಕೆ ಇಡಬೇಕು, ತಂಬಾಕು ತಿಕ್ಕಬೇಕು. ಒಂದು ಸಲ ಇಡೀ ಕ್ರಮವನ್ನು ಬೇಕೆಂದೇ ನಿಧಾನವಾಗಿ ಮಾಡಿ, ಎಲ್ಲಿ ನಿಮಗೆ ಎಚ್ಚರವಾಯಿತು ಎಂದು ನೋಡಿ. ಹೆಚ್ಚಿನವರಿಗೆ ಸುಣ್ಣ ಹಚ್ಚುವಾಗ ಎಚ್ಚರವಾಗುತ್ತದೆ; ಅಷ್ಟು ಹೊತ್ತಿಗೆ ತಡವಾಗಿರುತ್ತದೆ. ಆ ಎಚ್ಚರವನ್ನು ಹಿಂದೆ ಹಿಂದೆ ಜರುಗಿಸುತ್ತ, ಕೈ ಸೊಂಟದತ್ತ ಹೊರಟ ಗಳಿಗೆಗೆ ತರಬೇಕು.

ಸಿಕ್ಕಿಬಿದ್ದ ಕೈಗೆ ಬೇರೆ ಕೆಲಸ ಕೊಡಿ: ಮುಷ್ಟಿ ಬಿಗಿದು ಒಂದರಿಂದ ಮೂರು ನಿಮಿಷ ಹಾಗೇ ಹಿಡಿಯಿರಿ, ಬಾಯಿಗೆ ಒಂದು ಲವಂಗ ಅಥವಾ ಏಲಕ್ಕಿ. ಸಂಚಿಯನ್ನೂ ಒಡೆದು ಇಡಿ. ಎಲೆ ಅಡುಗೆಮನೆಯಲ್ಲಿ, ಸುಣ್ಣದ ಡಬ್ಬಿ ಅಟ್ಟದ ಮೇಲೆ, ತಂಬಾಕು ಕೊಟ್ಟಿಗೆಯಲ್ಲಿ. ಮೂರು ಕಡೆ ತಿರುಗಾಡಿ ಜೋಡಿಸುವಷ್ಟು ಆಸೆ ಇಲ್ಲದ ಕವಳ ಅಲ್ಲೇ ನಿಲ್ಲುತ್ತದೆ.

ತಂಬಾಕು ಬಿಟ್ಟು ಬರೀ ಅಡಿಕೆ ಹೆಚ್ಚು ಮಾಡಿಕೊಳ್ಳುವುದು ಪರಿಹಾರವಲ್ಲ. ಅಡಿಕೆಯಿಂದಲೇ ಮನೆ ನಡೆಯುವ ಊರಿನಲ್ಲಿ ಇದು ಮುಜುಗರದ ಮಾತು, ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರ ವರದಿಯಲ್ಲಿ ತಂಬಾಕಿಲ್ಲದ ಎಲೆ-ಅಡಿಕೆಯನ್ನೂ, ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಸಂದರ್ಭದ ಕವಳ

ಇಲ್ಲಿ ಅಡ್ಡಿ ನಾಲಿಗೆಯದಲ್ಲ, ಮರ್ಯಾದೆಯದು. ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡುವುದು ನಮ್ಮ ಪದ್ಧತಿ. ‘ಬಾ, ಒಂದು ಕವಳ ಹಾಕನ’ ಎಂದು ಕರೆದವರಿಗೆ ಬೇಡ ಎನ್ನುವುದು ಸಂಬಂಧಕ್ಕೇ ಬೇಡ ಎಂದಂತೆ ಅನ್ನಿಸುತ್ತದೆ. ಆ ಗಳಿಗೆಯಲ್ಲಿ ಯೋಚಿಸಿ ಉತ್ತರ ಹುಡುಕಲು ಹೊರಟರೆ ಸೋತಿರಿ. ಉತ್ತರ ಮನೆಯಿಂದಲೇ ಸಿದ್ಧವಾಗಿ ಹೋಗಬೇಕು. ‘ತಟ್ಟೆ ಮುಂದೆ ಬಂದರೆ, ಒಂದು ಏಲಕ್ಕಿ ತೆಗೆದುಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುತ್ತೇನೆ’ — ಹೀಗೆ, ‘ಹೀಗಾದರೆ’ ಎಂಬುದಕ್ಕೆ ಗುರುತು, ‘ಮಾಡುತ್ತೇನೆ’ ಎಂಬುದಕ್ಕೆ ಒಂದೇ ಕೆಲಸ. ‘ಕವಳ ಹಾಕುವುದಿಲ್ಲ’ ಎಂದಷ್ಟೇ ಬರೆದರೆ ಕೈಗೆ ಕೆಲಸವೇ ಇರುವುದಿಲ್ಲ. ತಟ್ಟೆಯಿಂದ ಏನೋ ಒಂದು ತೆಗೆದುಕೊಂಡರೆ ಕರೆದವರಿಗೂ ಸಮಾಧಾನ. ಕಾರಣ ಕೇಳಿದರೆ ‘ಹಲ್ಲಿನ ಡಾಕ್ಟರು ಬೇಡ ಅಂದಿದ್ದಾರೆ’ ಎಂದರೆ ಚರ್ಚೆ ಅಲ್ಲಿಗೇ ಮುಗಿಯುತ್ತದೆ. ‘ಪ್ರಯತ್ನ ಮಾಡ್ತಾ ಇದ್ದೇನೆ’ ಎಂದಿರೋ, ಜಗಲಿಯಲ್ಲಿದ್ದವರೆಲ್ಲ ಪರೀಕ್ಷಕರಾಗುತ್ತಾರೆ.

ಊಟದ ನಂತರದ್ದಕ್ಕೆ ಜಾಗ ಬದಲಿಸಿ. ಕೈ ತೊಳೆದವರು ಜಗಲಿಗೆ ಹೋಗದೆ ನೇರ ಬಾಯಿ ಮುಕ್ಕಳಿಸಿ, ಹಲ್ಲುಜ್ಜಿ, ಹತ್ತು ನಿಮಿಷ ಅಂಗಳದಲ್ಲಿ ಓಡಾಡಿ. ಅಡಿಕೆ ಗೊನೆಯ ಕೊಯ್ಲು, ಸುಲಿಯುವ ಕೆಲಸ ಜೋರಾಗಿರುವಾಗ ಬಿಡಲು ಆರಂಭಿಸಬೇಡಿ. ಮದುವೆ ಮುಂಜಿ ಇಲ್ಲದ ಎರಡು ವಾರ ನೋಡಿಕೊಳ್ಳಿ.

ಮೈಯ ಕವಳ

ಉಳಿದೆರಡು ರಾಶಿ ಕರಗಿದ ಮೇಲೆ ಇದಕ್ಕೊಂದು ದಿನ ಗೊತ್ತು ಮಾಡಿ. ನಿಲ್ಲಿಸಿದ ದಿನವೇ ಚಡಪಡಿಕೆ ಶುರು. ಎರಡು ಮೂರನೆಯ ದಿನ ಅದರ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಕೆ. ಸಿಟ್ಟು, ನಿದ್ದೆಗೇಡು, ಹಸಿವು, ಮಲಬದ್ಧತೆ ಎಲ್ಲ ಬರಬಹುದು. ‘ಕವಳ ಇಲ್ಲದೆ ತಲೆ ಓಡುವುದಿಲ್ಲ’ ಎಂಬುದು ಆ ದಿನಗಳಲ್ಲಿ ಅರ್ಧ ಸತ್ಯ: ಗಮನ ನಿಜಕ್ಕೂ ಕುಗ್ಗುತ್ತದೆ. ಆದರೆ ಕವಳ ಹಾಕಿ ಸರಿಯಾಗುವ ತಲೆ, ಕವಳ ಇಲ್ಲದ್ದರಿಂದಲೇ ಕೆಟ್ಟ ತಲೆ. ‘ಅಜ್ಜ ತೊಂಬತ್ತರವರೆಗೂ ಹಾಕುತ್ತಿದ್ದ’ ಎಂಬ ವಾದವೂ ಇದೇ ದಿನಗಳಲ್ಲಿ ಹೆಚ್ಚು ಹೊಳೆಯುತ್ತದೆ. ವಾದಿಸಲು ಹೋಗದೆ, ಗಂಟೆಯ ಸಮೇತ ಪುಸ್ತಕದಲ್ಲಿ ಬರೆಯಿರಿ. ಯಾವ ಹೊತ್ತಿಗೆ ಅಜ್ಜ ನೆನಪಾಗುತ್ತಾನೆ ಎಂಬುದು ಒಂದೆರಡು ದಿನದಲ್ಲಿ ಗೊತ್ತಾಗುತ್ತದೆ.

ಆಸೆ ಏರಿದಾಗ ಕುಳಿತು ಅದು ಮೈಯಲ್ಲಿ ಎಲ್ಲಿದೆ ನೋಡಿ. ದವಡೆ ಬಿಗಿದಿದೆಯೇ, ಬಾಯಲ್ಲಿ ನೀರೇ, ಕೆನ್ನೆಯ ಒಳಗೆ ಖಾಲಿ ಅನ್ನಿಸುತ್ತಿದೆಯೇ? ನಿಮಿಷಕ್ಕೊಮ್ಮೆ ಅಂಕ ಕೊಡಿ: 8, 8, 9, 7, 5. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಇಳಿಯುತ್ತದೆ. ತಡೆಯಲು ಹಲ್ಲು ಕಚ್ಚುವುದು ಬೇಡ, ಅಂಕ ಕೊಡುವುದಷ್ಟೇ ಕೆಲಸ.

ಅಷ್ಟಕ್ಕೂ ಇಳಿಯದಿದ್ದರೆ ಔಷಧದಂಗಡಿಯಲ್ಲಿ 2 ಮಿಲಿಗ್ರಾಂ ನಿಕೋಟಿನ್ ಗಮ್ ಸಿಗುತ್ತದೆ. ಕವಳದವರು ಇದರಲ್ಲಿ ತಪ್ಪುವುದು ಹೆಚ್ಚು, ಕವಳದಂತೆಯೇ ಜಗಿದುಬಿಡುತ್ತಾರೆ. ಹಾಗೆ ಜಗಿದರೆ ಬಿಕ್ಕಳಿಕೆ, ಎದೆಯುರಿ, ಹೊಟ್ಟೆ ತೊಳೆಸುವಿಕೆ. ನಾಲ್ಕಾರು ಸಲ ನಿಧಾನ ಜಗಿದು, ಬಾಯಿ ಚುರುಚುರು ಎಂದೊಡನೆ ಕೆನ್ನೆಗೂ ವಸಡಿಗೂ ನಡುವೆ ಒತ್ತಿಡಿ. ಚುರುಚುರು ಹೋದ ಮೇಲೆ ಮತ್ತೆ ಜಗಿಯಿರಿ. ಸುಮಾರು ಅರ್ಧ ತಾಸಿಗೆ ಸಾರ ಮುಗಿಯುತ್ತದೆ. ಗಮ್ ಹಾಕುವ 15 ನಿಮಿಷ ಮೊದಲಿನಿಂದ ಚಹಾ, ಕಾಫಿ, ಕೋಕಂ ಶರಬತ್ತು, ಅಪ್ಪೆಹುಳಿ ಬೇಡ. ಹುಳಿಯಿರುವ ಬಾಯಿಯಲ್ಲಿ ನಿಕೋಟಿನ್ ಮೈಗೆ ಸರಿಯಾಗಿ ಹಿಡಿಯುವುದಿಲ್ಲ. ಕವಳದಲ್ಲಿ ಸುಣ್ಣ ಮಾಡುವುದು ಇದಕ್ಕೆ ತೀರ ವಿರುದ್ಧದ ಕೆಲಸ. ಬಸುರಿಯರು, ಹೃದಯದ ಕಾಯಿಲೆಯವರು ಡಾಕ್ಟರರನ್ನು ಕೇಳದೆ ಗಮ್ ಮುಟ್ಟಬಾರದು.

ಜಾರಿದರೆ

ಮದುವೆಮನೆಯಲ್ಲಿ ಒಂದು ಕವಳ ಹಾಕಿದಿರಿ. ಅದಕ್ಕಿಂತ ಅಪಾಯ ‘ಹೇಗೂ ಕೆಟ್ಟಿತಲ್ಲ’ ಎಂದು ಹಾಕುವ ಎರಡನೆಯದು. ಮೊದಲನೆಯದನ್ನು ಅದೇ ನಾಲ್ಕು ಸಂಗತಿಯೊಂದಿಗೆ ಬರೆದು, ಯಾವ ರಾಶಿಯದು ಎಂದು ಗುರುತು ಹಾಕಿ. ಎಲ್ಲಿ ಬೇಲಿ ಸಡಿಲಿದೆ ಎಂಬುದು ಅಲ್ಲೇ ಸಿಗುತ್ತದೆ. ಲಂಡನ್ನಿನಲ್ಲಿ 96 ಜನರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸವೊಂದು ತಾನಾಗಿ ನಡೆಯುವ ಹಂತಕ್ಕೆ ಬರಲು 18ರಿಂದ 254 ದಿನ ಬೇಕಾದೀತೆಂದು ಕಂಡಿತು, ನಡುವಿನ ಅಂಕಿ 66. ಒಂದು ದಿನ ತಪ್ಪಿದ್ದರಿಂದ ಹೇಳುವಂಥ ಹಿನ್ನಡೆ ಆಗಲಿಲ್ಲ. ಅದು ಅಭ್ಯಾಸ ಕಟ್ಟಿಕೊಳ್ಳುವುದರ ಲೆಕ್ಕ, ಚಟ ಬಿಡುವುದರದ್ದಲ್ಲ. ಆದರೂ ಜಗಲಿಯ ಬದಲು ಅಂಗಳ ಎಂಬ ಹೊಸ ರೂಢಿಗೆ ‘21 ದಿನ ಸಾಕು’ ಎಂಬ ವಾಟ್ಸಾಪ್ ಮಾತಿಗಿಂತ ಇದು ನೆಚ್ಚಬಹುದಾದ ಲೆಕ್ಕ.

ಬಿಟ್ಟರೂ ಬಿಡದಿದ್ದರೂ ತಿಂಗಳಿಗೊಮ್ಮೆ ಕನ್ನಡಿ ಮುಂದೆ ಬಾಯಿ ತೆರೆದು ನೋಡಿ. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ಹೋಗಬೇಕು. ಹೋಗದಿದ್ದರೆ, ಖಾರ ತಾಗಿದರೆ ಬಾಯಿ ಉರಿದರೆ, ಬಿಳಿ ಅಥವಾ ಕೆಂಪು ಕಲೆ ಕಂಡರೆ, ಹುಣ್ಣು ಎರಡು ವಾರಕ್ಕೂ ಮಾಯದಿದ್ದರೆ ಹಲ್ಲಿನ ಡಾಕ್ಟರರ ಬಳಿ ಹೋಗಲೇಬೇಕು. ಬಿಡುವ ವಿಷಯದಲ್ಲಿ ಮಾತಾಡಲು ಕೇಂದ್ರ ಸರಕಾರದ ತಂಬಾಕು ಸಹಾಯವಾಣಿ 1800-11-2356, ಕರೆ ಉಚಿತ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ-ಮಾನಸ್, 14416. ಕರೆ ಮಾಡುವಾಗ ನೋಟ್‌ಬುಕ್ ಕೈಯಲ್ಲಿರಲಿ. ದಿನಕ್ಕೆ ಎಷ್ಟು, ಎದ್ದ ಎಷ್ಟು ಹೊತ್ತಿಗೆ ಮೊದಲನೆಯದು ಎಂದು ಕೇಳಿದರೆ ಉತ್ತರ ಅದರಲ್ಲಿದೆ.