ಷರತ್ತುಗಳ ಸರದಿ: ಕಂಟ್ರೋಲ್ ಫ್ಲೋ ಕಲಿಯುವ ಬಗೆ

ಬೇರೆ ಸೂಚನೆ ಇಲ್ಲದಿದ್ದರೆ ಕಂಪ್ಯೂಟರು ಪ್ರೋಗ್ರಾಮಿನ ಸಾಲುಗಳನ್ನು ಮೇಲಿನಿಂದ ಕೆಳಕ್ಕೆ, ಒಂದಾದ ಮೇಲೊಂದರಂತೆ ನಡೆಸುತ್ತ ಹೋಗುತ್ತದೆ. ಕೆಲವು ಸಾಲುಗಳನ್ನು ಬಿಟ್ಟು ಮುಂದೆ ಸಾಗುವಂತೆಯೂ ಕೆಲವನ್ನು ಮತ್ತೆ ಮತ್ತೆ ನಡೆಸುವಂತೆಯೂ ಅದಕ್ಕೆ ಹೇಳುವ ವಿಧಾನವೇ ಕಂಟ್ರೋಲ್ ಫ್ಲೋ. ಅನುಕ್ರಮ, ಆಯ್ಕೆ, ಪುನರಾವರ್ತನೆ ಎಂಬ ಮೂರು ರಚನೆಗಳಿದ್ದರೆ ಕಂಪ್ಯೂಟರು ಮಾಡಬಲ್ಲ ಯಾವ ಲೆಕ್ಕವನ್ನಾದರೂ ಬರೆಯಬಹುದೆಂದು ಇಟಲಿಯ ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಯಾಕೊಪಿನಿ 1966ರಲ್ಲಿ ಸಾಧಿಸಿ ತೋರಿಸಿದರು. ಕಲಿಯಬೇಕಾದ ಸಾಮಗ್ರಿ ಇಷ್ಟೇ. ಹೊಸಬರು ಎಡವುವುದು ಅದನ್ನು ಯಾವ ಸರದಿಯಲ್ಲಿ ಜೋಡಿಸಬೇಕೆಂಬಲ್ಲಿ.

ಮೊದಲಿಗೆ ಕೀಬೋರ್ಡನ್ನು ಬದಿಗಿಟ್ಟು ಒಂದು ನಿಯಮವನ್ನು ಕನ್ನಡದಲ್ಲೇ ಕಾಗದದ ಮೇಲೆ ಬರೆದುಕೊಳ್ಳಿ. ಅಧಿಕ ವರ್ಷದ ನಿಯಮ ಇದಕ್ಕೆ ಚೆನ್ನಾಗಿ ಒದಗುತ್ತದೆ. ಗ್ರೆಗೋರಿಯನ್ ಕ್ಯಾಲೆಂಡರಿನಲ್ಲಿ 4ರಿಂದ ಶೇಷವಿಲ್ಲದೆ ಭಾಗವಾಗುವ ವರ್ಷ ಅಧಿಕ ವರ್ಷ. ಆದರೆ 100ರಿಂದಲೂ ಭಾಗವಾದರೆ ಅಲ್ಲ. ಅಂಥವುಗಳ ಪೈಕಿ 400ರಿಂದ ಭಾಗವಾಗುವುದು ಮಾತ್ರ ಪುನಃ ಅಧಿಕ ವರ್ಷವೇ.

ಇದನ್ನು ಪೈಥಾನ್ ಭಾಷೆಯಲ್ಲಿ ಬರೆಯುವಾಗ ಮೊದಲ ಷರತ್ತಿಗೆ ‘ಇಫ್’, ನಡುವಿನವುಗಳಿಗೆ ‘ಎಲಿಫ್’, ಯಾವುದೂ ಹೊಂದದಿದ್ದಾಗ ‘ಎಲ್ಸ್’ ಬಳಸಬೇಕು. ಈ ಸರಪಳಿಯಲ್ಲಿ ಮೊದಲು ನಿಜವೆನಿಸಿದ ಷರತ್ತಿನ ಕೆಳಗಿನ ಸಾಲುಗಳಷ್ಟೇ ನಡೆಯುತ್ತವೆ. ಅದರ ನಂತರದ ಷರತ್ತುಗಳನ್ನು ಕಂಪ್ಯೂಟರು ಪರೀಕ್ಷಿಸುವುದೂ ಇಲ್ಲ. ನಿಯಮವನ್ನು ಓದಿದ ಕ್ರಮದಲ್ಲೇ 4ರ ಷರತ್ತನ್ನು ಮೊದಲಿಗಿಟ್ಟರೆ 1900 ಅಲ್ಲಿಯೇ ಸಿಕ್ಕಿಬಿದ್ದು, 100ರ ಷರತ್ತನ್ನು ತಲುಪದೆ, ಅಧಿಕ ವರ್ಷವೆಂದು ತಪ್ಪಾಗಿ ಎಣಿಕೆಯಾಗುತ್ತದೆ. ಆದ್ದರಿಂದ ಹೆಚ್ಚು ಬಿಗಿಯಾದ ಷರತ್ತು ಮೊದಲು ಬರಬೇಕು: 400, ಆಮೇಲೆ 100, ಆಮೇಲೆ 4. ತಪ್ಪು ಕ್ರಮದ ಪ್ರೋಗ್ರಾಂ 2023, 2024 ಮತ್ತು 2000 ಈ ಮೂರಕ್ಕೂ ಸರಿಯುತ್ತರವನ್ನೇ ಕೊಡುತ್ತದೆ ಎಂಬುದು ಇಲ್ಲಿನ ನಿಜವಾದ ಅಪಾಯ. ಪ್ರತಿ ಕವಲಿಗೂ ಒಂದೊಂದು ವರ್ಷವನ್ನು ಆರಿಸಿ ಪರೀಕ್ಷಿಸಿದವರಿಗೆ ಮಾತ್ರ ದೋಷ ಕಾಣುತ್ತದೆ.

ಒಂದು ಸಮ ಚಿಹ್ನೆ ಬೆಲೆಯನ್ನು ತುಂಬುತ್ತದೆ, ಎರಡು ಸಮ ಚಿಹ್ನೆಗಳು ಹೋಲಿಸುತ್ತವೆ. ಷರತ್ತಿನಲ್ಲಿ ಇವು ಅದಲುಬದಲಾದರೆ ಪೈಥಾನ್ ದೋಷವೆಂದು ಹೇಳಿ ನಿಲ್ಲುತ್ತದೆ. ಸಿ ಭಾಷೆ ಒಪ್ಪಿಕೊಂಡು ಮುಂದುವರಿಯುತ್ತದೆ, ಅದು ಹೆಚ್ಚು ಕೆಟ್ಟದ್ದು. ಪೈಥಾನಿನಲ್ಲಿ ಷರತ್ತಿಗೆ ಸೇರಿದ ಸಾಲುಗಳನ್ನು ವಾಡಿಕೆಯಂತೆ 4 ಸ್ಪೇಸ್ ಒಳಗೆ ಸರಿಸಬೇಕು.

ಮುಂದಿನ ಹಂತದಲ್ಲಿ 1896ರಿಂದ 1908ರವರೆಗಿನ ಅಧಿಕ ವರ್ಷಗಳನ್ನು ಮುದ್ರಿಸಲು ‘ವೈಲ್’ ಲೂಪ್, ಅಂದರೆ ಷರತ್ತು ನಿಜವಾಗಿರುವವರೆಗೂ ಅವೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ರಚನೆ, ಬರೆಯಿರಿ. ಆರಂಭದ ಬೆಲೆ, ಮುಂದುವರಿಯುವ ಷರತ್ತು, ಪ್ರತಿ ಸುತ್ತಿನಲ್ಲಿ ವರ್ಷಕ್ಕೆ 1 ಕೂಡಿಸುವ ಸಾಲು ಇವು ಮೂರೂ ಇರಲೇಬೇಕು. ಕೊನೆಯದನ್ನು ಮರೆತರೆ ವರ್ಷ 1896ರಲ್ಲೇ ನಿಂತು ಲೂಪ್ ಕೊನೆಯಿಲ್ಲದೆ ಸುತ್ತುತ್ತದೆ; ಗಾಬರಿಯಾಗದೆ ಕಂಟ್ರೋಲ್ ಮತ್ತು ಸಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಅದನ್ನು ನಿಲ್ಲಿಸಬಹುದು.

ಸುತ್ತುಗಳ ಮಿತಿ ಮೊದಲೇ ತಿಳಿದಿರುವಾಗ ‘ಫಾರ್’ ಲೂಪ್ ಅನುಕೂಲ, ಏಕೆಂದರೆ ಕೂಡಿಸುವ ಕೆಲಸವನ್ನು ಅದು ತಾನೇ ನೋಡಿಕೊಳ್ಳುತ್ತದೆ. ಆದರೆ ಅದಕ್ಕೆ ವರ್ಷಗಳನ್ನು ಒಂದೊಂದಾಗಿ ಒದಗಿಸುವ ‘ರೇಂಜ್’ಗೆ 1896 ಮತ್ತು 1908 ಎಂದು ಕೊಟ್ಟರೆ ಪರದೆಯ ಮೇಲೆ 1896 ಮತ್ತು 1904 ಮಾತ್ರ ಬರುತ್ತವೆ. 1900 ಇಲ್ಲದಿರುವುದು ಸರಿ; 1908 ತಪ್ಪಿಹೋದದ್ದು ಮಾತ್ರ ನಮ್ಮ ದೋಷ. ರೇಂಜ್ ತನ್ನ ಮೇಲಿನ ಮಿತಿಯನ್ನು ಒಳಗೊಳ್ಳುವುದಿಲ್ಲವಾದ್ದರಿಂದ ಅಲ್ಲಿ 1909 ಎಂದು ಬರೆಯಬೇಕು. ಕಾಗದದ ಮೇಲೆ ‘ವರ್ಷ’, ‘ನಿಜವಾದ ಷರತ್ತು’, ‘ಮುದ್ರಿತವಾದದ್ದು’ ಎಂಬ ಮೂರು ಅಂಕಣಗಳನ್ನು ಎಳೆದು, ಒಂದೊಂದೇ ಸುತ್ತನ್ನು ಕೈಯಿಂದ ತುಂಬುತ್ತ ಬಂದರೆ, ಪಟ್ಟಿ 1907ರ ಸಾಲಿಗೇ ನಿಲ್ಲುವುದು ಪ್ರೋಗ್ರಾಂ ಓಡಿಸುವ ಮೊದಲೇ ಕಣ್ಣಿಗೆ ಬೀಳುತ್ತದೆ.