ಕರಾವಳಿ ಹಾಯಿದೋಣಿ ರೇಸ್: ಸ್ಪರ್ಧಿಗಳು ಕೈಯಲ್ಲಿಟ್ಟುಕೊಳ್ಳಬೇಕಾದ ವಿವರ

ಸೇಲಿಂಗ್ ಇನ್‌ಸ್ಟ್ರಕ್ಷನ್ಸ್ (ಆಯೋಜಕರು ಕೊಡುವ ರೇಸಿನ ಸೂಚನಾ ಪತ್ರ) ಅನ್ನು ಹಿಂದಿನ ರಾತ್ರಿಯೇ ಪೂರ್ತಿ ಓದಿ. ವಿಎಚ್‌ಎಫ್ ರೇಡಿಯೊ ಚಾನೆಲ್, ನಿಮ್ಮ ಕ್ಲಾಸಿನ (ಒಟ್ಟಿಗೆ ಹೊರಡುವ ದೋಣಿಗಳ ಗುಂಪಿನ) ಬಾವುಟ, ಯಾವ ಮಾರ್ಕನ್ನು (ರೇಸಿನ ದಾರಿ ತೋರಿಸುವ ತೇಲುಗುರುತನ್ನು) ಯಾವ ಕಡೆಗೆ ಬಿಟ್ಟು ಸುತ್ತಬೇಕು, ಕಾಲಮಿತಿ, ಪ್ರೊಟೆಸ್ಟ್ (ನಿಯಮ ಮುರಿದ ದೋಣಿಯ ಮೇಲಿನ ದೂರು) ಸಲ್ಲಿಸುವ ಗಡುವು: ಇಷ್ಟನ್ನು ಒದ್ದೆಯಾಗದ ಕಾರ್ಡಿನಲ್ಲಿ ಬರೆದು ಚುಕ್ಕಾಣಿಯ ಪಕ್ಕ ಅಂಟಿಸಿ. ಬೆಳಗ್ಗೆ ದಡದಲ್ಲಿ 'ಎಲ್' ಬಾವುಟ ಕಂಡರೆ ಹೊಸ ಸೂಚನೆ ಬಂದಿದೆ; ನೋಟಿಸ್ ಬೋರ್ಡ್ ನೋಡದೆ ಹೊರಡಬೇಡಿ.

ಗಾಳಿ ತುಂಬುವ ಲೈಫ್‌ಜಾಕೆಟ್ ಬಿಚ್ಚಿ ಗ್ಯಾಸ್ ಸಿಲಿಂಡರನ್ನು ಕೈಯಿಂದ ಬಿಗಿ ಮಾಡಿ. ಅಲುಗಾಟಕ್ಕೆ ಅದು ಸಡಿಲವಾಗುತ್ತದೆ, ಸಡಿಲವಾದರೆ ಜಾಕೆಟ್ ಉಬ್ಬುವುದಿಲ್ಲ. ತೊಡೆಸಂದಿನ ಪಟ್ಟಿ ಕಟ್ಟಲೇಬೇಕು. ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೆ ಸರಿದು ಮುಖ ಮುಚ್ಚುತ್ತದೆ. ಹಗ್ಗ, ಹಾಯಿ ಜೋಡಿಸುವ ಲೋಹದ ಕೊಂಡಿಗಳ (ಶ್ಯಾಕಲ್) ಪಿನ್‌ಗಳಿಗೆ ಕಳಚದಂತೆ ತಂತಿ ಸುತ್ತಿ.

ಸಾಮಾನ್ಯ ಸ್ಟಾರ್ಟ್ ಕ್ರಮ 5-4-1-0. ಐದು ನಿಮಿಷ ಇರುವಾಗ ಕ್ಲಾಸ್ ಬಾವುಟ ಏರುತ್ತದೆ, ನಾಲ್ಕಕ್ಕೆ ಪ್ರಿಪರೇಟರಿ (ಸಿದ್ಧತೆಯ) ಬಾವುಟ. ಒಂದು ನಿಮಿಷ ಉಳಿದಾಗ ಅದು ಇಳಿಯುತ್ತದೆ, ಸೊನ್ನೆಗೆ ಕ್ಲಾಸ್ ಬಾವುಟವೂ ಇಳಿಯುತ್ತದೆ. ಗಡಿಯಾರವನ್ನು ಬಾವುಟ ನೋಡಿ ಒತ್ತಿ, ಜೊತೆಗೆ ಬರುವ ಸದ್ದು ಕೇಳಿ ಅಲ್ಲ. 340 ಮೀಟರ್ ದೂರದಲ್ಲಿದ್ದರೆ ಸದ್ದು ಒಂದು ಸೆಕೆಂಡ್ ತಡವಾಗಿ ತಲುಪುತ್ತದೆ. ಪ್ರಿಪರೇಟರಿ ಬಾವುಟ ಯಾವುದೆಂದು ಗಮನಿಸಿ: 'ಪಿ' ಇದ್ದರೆ ಸ್ಟಾರ್ಟ್ ಗೆರೆಯನ್ನು ಬೇಗ ದಾಟಿದವರು ವಾಪಸ್ ಬಂದು ಮತ್ತೆ ಹೊರಡಬಹುದು. 'ಯು' ಅಥವಾ ಕಪ್ಪು ಬಾವುಟ ಇದ್ದು, ಕೊನೆಯ ನಿಮಿಷದಲ್ಲಿ ಗೆರೆಯ ಎರಡು ತುದಿ ಮತ್ತು ಮೊದಲ ಮಾರ್ಕ್ ಸೇರಿ ಆಗುವ ತ್ರಿಕೋನದೊಳಗೆ ಸಿಕ್ಕಿದರೆ ವಿಚಾರಣೆಯಿಲ್ಲದೆ ಅನರ್ಹತೆ.

ಯಾವ ತುದಿ ಲಾಭ? ಗೆರೆಯ ನಡುವೆ ದೋಣಿಯ ಮೂತಿಯನ್ನು ನೇರ ಗಾಳಿಗೆ ಒಡ್ಡಿ ನಿಲ್ಲಿಸಿ. ಮೂತಿ ಯಾವ ತುದಿಯ ಕಡೆ ವಾಲುತ್ತದೋ ಅದೇ ಗಾಳಿಗೆ ಹತ್ತಿರ. ನಂತರ ಗೆರೆಯ ಒಂದು ತುದಿಯಲ್ಲಿ ನಿಲ್ಲುವ ರೇಸ್ ಕಮಿಟಿ ದೋಣಿಯ ಹೊರಬದಿಗೆ ಹೋಗಿ, ಅದರ ಬಾವುಟಗಂಬ ಮತ್ತು ಎದುರು ತುದಿಯ ಗುರುತು (ಪಿನ್) ಒಂದೇ ಗೆರೆಗೆ ಬಂದಾಗ ಅವುಗಳ ಹಿಂದೆ ದಡದಲ್ಲಿ ಏನು ಕಾಣುತ್ತದೆ ಎಂದು ಗುರುತಿಡಿ. ಒಂದು ಗೋಪುರವೋ, ಒಂಟಿ ಮರವೋ ಸಾಕು. ನಡುವಿನ ದೋಣಿಗಳು ಅಂಜಿಕೆಯಿಂದ ಗೆರೆಗಿಂತ ಹಿಂದೆಯೇ ಉಳಿಯುವುದು ವಾಡಿಕೆ. ಆ ಗುರುತು ಇದ್ದವರು ಧೈರ್ಯವಾಗಿ ಮುಂದೆ ನುಗ್ಗಬಹುದು.

ಕರಾವಳಿಯಲ್ಲಿ ಗಾಳಿಯಷ್ಟೇ ನೀರಿನ ಸೆಳೆತವೂ ಫಲಿತಾಂಶ ಬದಲಿಸುತ್ತದೆ. ಆಳ ಕಡಿಮೆ ಇದ್ದಲ್ಲಿ ಸೆಳೆತ ಸಾಮಾನ್ಯವಾಗಿ ದುರ್ಬಲ, ದಡದ ಬಳಿ ಬೇಗ ತಿರುಗುತ್ತದೆ ಕೂಡ. ಎದುರು ಸೆಳೆತವಿದ್ದರೆ ದಡಕ್ಕೆ ಒತ್ತಿ ಹೋಗಿ, ಜೊತೆಗಿದ್ದರೆ ಆಳಕ್ಕೆ. ಆದರೆ ಇಳಿತದ ಹೊತ್ತಿನಲ್ಲಿ ತಳ ತಾಗಿದರೆ ಮುಂದಿನ ಉಬ್ಬರದವರೆಗೆ ಅಲ್ಲೇ. ಸೆಳೆತ ಮಾರ್ಕಿನ ಕಡೆ ತಳ್ಳುತ್ತಿದ್ದರೆ ತುಸು ದೂರದಿಂದಲೇ ಸುತ್ತಿ; ಮಾರ್ಕ್ ತಾಗಿದರೆ ದೋಣಿಯನ್ನು ಒಂದು ಪೂರ್ತಿ ಸುತ್ತು ತಿರುಗಿಸುವ ದಂಡ, ಬೇರೆ ದೋಣಿಗೆ ದಾರಿ ಬಿಡದಿದ್ದರೆ ಎರಡು.

ಗಾಳಿ ಸತ್ತು ಸೆಳೆತ ಹಿಂದಕ್ಕೆ ಒಯ್ಯುತ್ತಿದೆಯೇ? ಲಂಗರು ಹಾಕಿ. ನಿಯಮ ಒಪ್ಪುತ್ತದೆ, ಮುಂದುವರಿಯುವಾಗ ಎತ್ತಿಕೊಳ್ಳಬೇಕಷ್ಟೆ. ಉಳಿದವರು ಹಿಂದಕ್ಕೆ ತೇಲುವಾಗ ನಿಂತಲ್ಲೇ ನಿಂತವರೇ ಮುಂದಾಗುತ್ತಾರೆ. ಹೀಗಾಗಿ ಹಗುರ ಲಂಗರನ್ನೂ ಉದ್ದ ಹಗ್ಗವನ್ನೂ ಕೈಗೆ ಸಿಗುವಂತೆ ಇಡಿ.

ಪ್ರೊಟೆಸ್ಟ್ ಮಾಡುವುದಾದರೆ ತಕ್ಷಣ 'ಪ್ರೊಟೆಸ್ಟ್' ಎಂದು ಕೂಗಿ, ಕೆಂಪು ಬಾವುಟ ತೋರಿಸಿ. 6 ಮೀಟರಿಗಿಂತ ಚಿಕ್ಕ ದೋಣಿಗೆ ಬಾವುಟ ಬೇಕಿಲ್ಲ. ರೇಸ್ ಬಿಡುವುದಾದರೆ ಕಮಿಟಿಗೆ ರೇಡಿಯೊದಲ್ಲಿ ಹೇಳಿ, ಉತ್ತರ ಬರುವವರೆಗೆ ಕಾಯಿರಿ. ನೀವು ಹೇಳದೆ ಹೋದರೆ ಕತ್ತಲಲ್ಲಿ ಬೇರೆಯವರು ನಿಮ್ಮನ್ನು ಹುಡುಕಲು ಸಮುದ್ರಕ್ಕೆ ಇಳಿಯಬೇಕಾಗುತ್ತದೆ.